ಚಿಲ್ಲರೆ ಕೊಡುವುದು ಬ್ಯಾಂಕಿನ ಉಪಕಾರವಲ್ಲ

2025ರ ಜನವರಿಯಲ್ಲಿ ರಾಜ್ಯದ ಸಾರಿಗೆ ನಿಗಮಗಳು ಬಸ್ ಪ್ರಯಾಣ ದರವನ್ನು ಶೇಕಡಾ 15ರಷ್ಟು ಏರಿಸಿದವು. ಬೆಂಗಳೂರಿನ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ 5 ರೂಪಾಯಿ ಇದ್ದ ಕನಿಷ್ಠ ದರ 6 ಆಯಿತು, 10 ಇದ್ದದ್ದು 12 ಆಯಿತು. ಏರಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ಅದರೊಳಗೆ ಅಡಗಿದ್ದ ಇನ್ನೊಂದು ಲೆಕ್ಕವನ್ನು ಬಿಡಿಸಿ ನೋಡಿದವರು ಕಡಿಮೆ. ಟಿಕೆಟ್ 5 ರೂಪಾಯಿ ಇದ್ದಾಗ ಹತ್ತರ ನೋಟು ಕೊಟ್ಟವರಿಗೆ ಐದರ ಒಂದೇ ನಾಣ್ಯ ವಾಪಸು ಕೊಟ್ಟರೆ ಮುಗಿಯಿತು. 6 ಆದ ಮೇಲೆ ನಾಲ್ಕು ರೂಪಾಯಿ ಕೊಡಬೇಕು, ಅಂದರೆ ಎರಡರ ಎರಡು ನಾಣ್ಯ, ಇಲ್ಲದಿದ್ದರೆ ಒಂದರ ನಾಲ್ಕು. ಹತ್ತರ ಟಿಕೆಟಿಗೆ ಹತ್ತರ ನೋಟು ಸಾಕಿತ್ತು, ಚಿಲ್ಲರೆಯ ಮಾತೇ ಇರಲಿಲ್ಲ. ಅದೇ 12 ಆದಾಗ ಇಪ್ಪತ್ತರ ನೋಟಿಗೆ ಎಂಟು ರೂಪಾಯಿ ಹುಡುಕಬೇಕು. ದರವನ್ನು ಒಂದು ರಾತ್ರಿಯಲ್ಲಿ ಬದಲಾಯಿಸಬಹುದು, ನಾಣ್ಯ ಒಂದು ರಾತ್ರಿಯಲ್ಲಿ ಕಂಡಕ್ಟರ್ ಚೀಲಕ್ಕೆ ಬಂದು ಬೀಳುವುದಿಲ್ಲ. ಹಾಗಾಗಿ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಡುವ ಹಳೆಯ ಪದ್ಧತಿ, ಇಳಿಯುವಾಗ ಕೇಳಿ ಪಡೆಯಬೇಕಾದ ಸಂಕೋಚ, ಮರೆತು ಇಳಿದರೆ ಹೋದದ್ದು ಹೋಯಿತು ಎಂಬ ನಷ್ಟ, ಎಲ್ಲವೂ ಜನಸಾಮಾನ್ಯರ ಪಾಲಿಗೆ ಉಳಿಯುತ್ತವೆ. ಜಗಳ ಕಂಡಕ್ಟರಿಗೂ ಪ್ರಯಾಣಿಕರಿಗೂ ನಡುವೆ ನಡೆಯುತ್ತದೆ. ಆ ಚಿಲ್ಲರೆಯನ್ನು ಒದಗಿಸಬೇಕಾದ ಮೂರನೆಯವರು ಮಾತ್ರ ಬಸ್ಸಿನಲ್ಲಿ ಇರುವುದಿಲ್ಲ. ಆ ಮೂರನೆಯವರು ಯಾರು, ಅವರ ಹೊಣೆ ಎಷ್ಟು ಎಂಬುದನ್ನು ಈ ಬರಹದಲ್ಲಿ ವಿಚಾರಿಸುತ್ತೇನೆ.

ಕನ್ನಡದಲ್ಲಿ ಚಿಲ್ಲರೆ ಎಂಬ ಒಂದು ಮಾತಿಗೆ ಮೂರು ಕೆಲಸ. ಬಿಡಿ ನಾಣ್ಯವೂ ಚಿಲ್ಲರೆ, ಸರಕನ್ನು ಬಿಡಿಬಿಡಿಯಾಗಿ ಮಾರುವ ಅಂಗಡಿಯೂ ಚಿಲ್ಲರೆ ಅಂಗಡಿ, ಅಲ್ಪತನವನ್ನು ಬೈಯುವಾಗಲೂ ಚಿಲ್ಲರೆ ಬುದ್ಧಿ. ಮೊದಲ ಎರಡರ ನಂಟು ಗಟ್ಟಿಯಾದದ್ದು. ಚಿಲ್ಲರೆ ಇಲ್ಲದೆ ಚಿಲ್ಲರೆ ವ್ಯಾಪಾರ ನಡೆಯುವುದಿಲ್ಲ. ಆದರೆ ನಮ್ಮ ಬ್ಯಾಂಕುಗಳೂ ಆಡಳಿತವೂ ಮೂರನೆಯ ಅರ್ಥವನ್ನೇ ಹಿಡಿದುಕೊಂಡಂತೆ ಕಾಣುತ್ತದೆ. ಐನೂರರ ನೋಟು ಹಿಡಿದು ಕೌಂಟರಿನ ಮುಂದೆ ನಿಂತು ಒಂದು, ಎರಡು, ಐದರ ನಾಣ್ಯ ಕೇಳುವವರನ್ನು ಸಾಲದ ಅರ್ಜಿದಾರರಿಗಿಂತ ಕೀಳಾಗಿ, ಏನೋ ಕೃಪೆ ಬೇಡಲು ಬಂದವರಂತೆ ನೋಡುವುದು ರೂಢಿಯಾಗಿದೆ. ಕಾನೂನು ಹಾಗೆ ನೋಡುವುದಿಲ್ಲ.

ನೂರರ ನೋಟಿನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿಯ ಜೊತೆಗೆ ಒಂದು ವಾಗ್ದಾನ ಇರುತ್ತದೆ, ಇದನ್ನು ತಂದವರಿಗೆ ನೂರು ರೂಪಾಯಿ ಕೊಡುತ್ತೇನೆ ಎಂದು. ನೋಟೇ ನೂರು ರೂಪಾಯಿ ಆಗಿರುವಾಗ ಮತ್ತೇನನ್ನು ಕೊಡುವುದು? ಚಿನ್ನ ಕೊಡುತ್ತಾರೆ ಎಂದು ಕೆಲವರು ಇನ್ನೂ ನಂಬಿದ್ದಾರೆ. ಉತ್ತರ ಇರುವುದು 1934ರ ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆಯ 39ನೇ ಸೆಕ್ಷನ್‌ನಲ್ಲಿ. ನೋಟು ತಂದು ಕೇಳಿದವರಿಗೆ ರಿಸರ್ವ್ ಬ್ಯಾಂಕ್ ರೂಪಾಯಿ ನಾಣ್ಯ ಕೊಡಬೇಕು, ನಾಣ್ಯ ತಂದು ಕೇಳಿದವರಿಗೆ ನೋಟು ಕೊಡಬೇಕು ಎಂದು ಅದು ಹೇಳುತ್ತದೆ. ದೊಡ್ಡ ನೋಟಿಗೆ ಸಣ್ಣ ನೋಟನ್ನೂ ಬಿಡಿ ನಾಣ್ಯವನ್ನೂ, ಚಲಾವಣೆಗೆ ಎಷ್ಟು ಬೇಕೆಂದು ತನಗೆ ತೋರುತ್ತದೋ ಅಷ್ಟು ಪ್ರಮಾಣದಲ್ಲಿ ಒದಗಿಸಬೇಕು. ಅದಕ್ಕೆ ಬೇಕಾದ ನಾಣ್ಯವನ್ನು ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿಗೆ ಕೊಡಬೇಕು. ನೋಟು ರಿಸರ್ವ್ ಬ್ಯಾಂಕಿನ ಸಾಲಪತ್ರ, ನಾಣ್ಯ ಸರ್ಕಾರದ ಹಣ. ಒಂದು ರೂಪಾಯಿ ನೋಟಿನಲ್ಲಿ ಈ ವಾಗ್ದಾನ ಇಲ್ಲದಿರುವುದೂ ಇದೇ ಕಾರಣಕ್ಕೆ. ಅದನ್ನು ಹೊರಡಿಸುವುದು ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯದು. 2011ರ ನಾಣ್ಯ ಕಾಯ್ದೆಯ ಪ್ರಕಾರ ಆ ಕಾಗದವೂ ನಾಣ್ಯವೇ. ಹಾಗಾದರೆ ನೂರರ ನೋಟು ಕೊಟ್ಟು ನೂರು ರೂಪಾಯಿ ಚಿಲ್ಲರೆ ಕೇಳುವವರು ನೋಟಿನ ಮೇಲಿನ ವಾಗ್ದಾನವನ್ನು ಅದರ ಮೂಲ ಅರ್ಥದಲ್ಲಿಯೇ ಈಡೇರಿಸಿ ಎಂದು ಕೇಳುತ್ತಿದ್ದಾರೆ.

ಆ ಸೆಕ್ಷನ್ ಕಟ್ಟಿಹಾಕುವುದು ರಿಸರ್ವ್ ಬ್ಯಾಂಕನ್ನು, ಊರಿನ ಶಾಖೆಯನ್ನಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಚಿಲ್ಲರೆಗಾಗಿ ಹಾವೇರಿಯ ಹೂವಿನ ವ್ಯಾಪಾರಿ ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಬರಲಾರರು. ಅದಕ್ಕೆಂದೇ ರಿಸರ್ವ್ ಬ್ಯಾಂಕ್ ತನ್ನ ಕೆಲಸವನ್ನು ಎಲ್ಲ ಬ್ಯಾಂಕ್ ಶಾಖೆಗಳಿಗೆ ಹಂಚಿದೆ. ಎಲ್ಲ ಮುಖಬೆಲೆಯ ಒಳ್ಳೆಯ ನೋಟು ಮತ್ತು ನಾಣ್ಯಗಳನ್ನು ಕೇಳಿದವರಿಗೆ ಕೊಡಬೇಕು, ತಂದವರಿಂದ ನಾಣ್ಯವನ್ನು ಜಮೆಗಾಗಲಿ ವಿನಿಮಯಕ್ಕಾಗಲಿ ಸ್ವೀಕರಿಸಬೇಕು ಎಂದು ಅದರ ಸುತ್ತೋಲೆಗಳು ಪದೇ ಪದೇ ಹೇಳಿವೆ. ದಾಸ್ತಾನು ಇದ್ದೂ ಸಾರ್ವಜನಿಕರಿಗೆ ನಾಣ್ಯ ಕೊಡದಿದ್ದರೆ ಅದು ಸೇವಾಲೋಪ. ರಿಸರ್ವ್ ಬ್ಯಾಂಕ್ ಅಧಿಕಾರಿಗಳು ಪತ್ತೆ ಹಚ್ಚಿದರೆ ಶಾಖೆಗೆ 10,000 ರೂಪಾಯಿ ದಂಡ, ಐದಕ್ಕಿಂತ ಹೆಚ್ಚು ಬಾರಿ ಆದರೆ 5 ಲಕ್ಷ. ನಾಣ್ಯ ಸ್ವೀಕರಿಸದ ಶಾಖೆಯ ಮೇಲೆ ಬ್ಯಾಂಕಿಂಗ್ ಓಂಬುಡ್ಸ್‌ಮನ್‌ಗೆ ದೂರು ಕೊಡಲು 2006ರ ಯೋಜನೆಯಲ್ಲೇ ಅವಕಾಶವಿತ್ತು. 2021ರಲ್ಲಿ ಬಂದ ಏಕೀಕೃತ ಯೋಜನೆ ಯಾವುದೇ ಸೇವಾಲೋಪಕ್ಕೂ ದೂರು ಕೊಡಲು ದಾರಿ ಮಾಡಿತು. ಶಾಖೆಯವರು ಕೆಲವೊಮ್ಮೆ ನಾಣ್ಯ ಕಾಯ್ದೆಯ 1,000 ರೂಪಾಯಿ ಮಿತಿಯನ್ನು ಮುಂದೆ ಹಿಡಿಯುವುದುಂಟು. ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳು ಒಂದು ಸಾವಿರ ರೂಪಾಯಿವರೆಗಿನ ಪಾವತಿಗೆ, ಐವತ್ತು ಪೈಸೆಯ ನಾಣ್ಯ ಹತ್ತು ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ ಎಂಬುದು ಆ ನಿಯಮ. ಸಾಲಗಾರ ಮೂಟೆಗಟ್ಟಲೆ ನಾಣ್ಯ ತಂದು ಸುರಿದು ಸಾಲ ಕೊಟ್ಟವನನ್ನು ಸತಾಯಿಸಬಾರದು ಎಂದು ಹಾಕಿದ ಗೆರೆ ಅದು. ಬ್ಯಾಂಕಿನಲ್ಲಿ ಇಂತಿಷ್ಟೇ ನಾಣ್ಯ ಜಮೆ ಮಾಡಬೇಕೆಂಬ ಮಿತಿ ಎಲ್ಲೂ ಇಲ್ಲ. ಎಷ್ಟನ್ನಾದರೂ ಸ್ವೀಕರಿಸಲು ಬ್ಯಾಂಕುಗಳು ಸ್ವತಂತ್ರ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಕಾನೂನು ಹೀಗಿದೆ. ಕಾನೂನು ಹೀಗೇಕೆ ಇದೆ ಎಂಬುದು ಅದಕ್ಕಿಂತ ಮುಖ್ಯ. ಇಟಲಿಯ ಆರ್ಥಿಕ ಇತಿಹಾಸಕಾರ ಕಾರ್ಲೊ ಚಿಪೊಲ್ಲಾ, ಅವರ ಜಾಡಿನಲ್ಲಿ ಸಾಗಿ 2002ರಲ್ಲಿ ಇದೇ ವಿಷಯದ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದ ಥಾಮಸ್ ಸಾರ್ಜೆಂಟ್ ಮತ್ತು ಫ್ರಾಂಸ್ವಾ ವೆಲ್ಡೆ, ಯುರೋಪಿನ ಅನೇಕ ಶತಮಾನಗಳ ಚಿಲ್ಲರೆ ಬರವನ್ನು ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಸಣ್ಣ ನಾಣ್ಯದಲ್ಲಿ ಅದರ ಮುಖಬೆಲೆಗೆ ತಕ್ಕ ಲೋಹವನ್ನೇ ಹಾಕಿದರೆ ಲೋಹದ ಬೆಲೆ ಏರಿದಾಗ ಜನ ಕರಗಿಸುತ್ತಾರೆ, ನಾಣ್ಯ ಮಾಯವಾಗುತ್ತದೆ. ಕಡಿಮೆ ಲೋಹ ಹಾಕಿ ಬೇಕಾಬಿಟ್ಟಿ ಟಂಕಿಸಿದರೆ ಅದರ ಮೇಲಿನ ನಂಬಿಕೆ ಕುಸಿಯುತ್ತದೆ. ಬಹಳ ಕಾಲದ ತಪ್ಪು ಒಪ್ಪುಗಳ ನಂತರ ದೊರೆತ ದಾರಿ ಇದು: ನಾಣ್ಯದಲ್ಲಿ ಕಡಿಮೆ ಬೆಲೆಯ ಲೋಹ ಇರಲಿ, ಟಂಕಿಸುವುದು ಸರ್ಕಾರದ ಹಿಡಿತದಲ್ಲಿರಲಿ, ಮತ್ತು ಯಾರು ಯಾವಾಗ ಕೇಳಿದರೂ ಅದನ್ನು ದೊಡ್ಡ ಹಣಕ್ಕೆ, ದೊಡ್ಡ ಹಣವನ್ನು ಅದಕ್ಕೆ ಸರಿಸಮ ಬೆಲೆಯಲ್ಲಿ ಬದಲಾಯಿಸಿ ಕೊಡಲಿ. ಮೊದಲ ಎರಡು ಟಂಕಸಾಲೆಯ ಕೆಲಸ, ಮೂರನೆಯದು ಕೌಂಟರಿನ ಕೆಲಸ. ನಮ್ಮ ಹತ್ತರ ನಾಣ್ಯವನ್ನು ತಯಾರಿಸಲು ಸುಮಾರು 5 ರೂಪಾಯಿ 54 ಪೈಸೆ, ಒಂದರ ನಾಣ್ಯಕ್ಕೆ 1 ರೂಪಾಯಿ 11 ಪೈಸೆ ಖರ್ಚು ಎಂದು ಮಾಹಿತಿ ಹಕ್ಕಿನ ಅಡಿಯಲ್ಲಿ 2018ರಲ್ಲಿ ಹೊರಬಂದ ಉತ್ತರ ತಿಳಿಸಿತು. ಐದೂವರೆ ರೂಪಾಯಿ ಖರ್ಚಿನ ಆ ಬಿಲ್ಲೆಗೆ ಹತ್ತು ರೂಪಾಯಿ ಬೆಲೆ ಬರುವುದು, ಅದನ್ನು ತೆಗೆದುಕೊಂಡು ಹತ್ತರ ನೋಟು ಕೊಡುವವರು ಒಬ್ಬರು ಇದ್ದೇ ಇದ್ದಾರೆ ಎಂಬ ಭರವಸೆಯಿಂದ. ಭರವಸೆ ಇರುವ ಜಾಗ ಶಾಖೆಯ ಕೌಂಟರು.

ಆ ಭರವಸೆ ಸಡಿಲಾದರೆ ಏನಾಗುತ್ತದೆ ಎಂಬುದಕ್ಕೆ ಪುಸ್ತಕ ತೆರೆಯಬೇಕಿಲ್ಲ, ಹತ್ತರ ನಾಣ್ಯದ ಕಥೆಯೇ ಸಾಕು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಹತ್ತರ ನಾಣ್ಯ ಹಿಡಿದರೆ ಅಂಗಡಿಯವರು ಬೇಡ ಎನ್ನುತ್ತಾರೆ. ಇದು ನಡೆಯುವುದಿಲ್ಲ, ಇದು ನಕಲಿ, ಗೆರೆ ಹತ್ತು ಇರಬೇಕು ಹದಿನೈದು ಇರಬಾರದು, ರೂಪಾಯಿ ಚಿಹ್ನೆ ಇದ್ದರೆ ಮಾತ್ರ ಅಸಲಿ, ಹೀಗೆ ನಾನಾ ಮಾತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳ ಹತ್ತರ ನಾಣ್ಯಗಳೂ ಕಾನೂನುಬದ್ಧ ಎಂದು ಸಾರಿತು, ಕೇಳಿ ತಿಳಿಯಲು 14440 ಎಂಬ ದೂರವಾಣಿ ಸಂಖ್ಯೆಯನ್ನೂ ಕೊಟ್ಟಿತು. ಆದರೂ ಗಾಳಿಸುದ್ದಿ ಸತ್ತಿಲ್ಲ. ಜನ ತಿಳಿಗೇಡಿಗಳು ಎಂದು ಇದಕ್ಕೆ ಕಾರಣ ಕೊಡುವುದು ಸುಲಭ, ನಾನು ಒಪ್ಪುವುದಿಲ್ಲ. ಗೂಡಂಗಡಿಯವರು ನಾಣ್ಯವನ್ನು ಬೇಡ ಎನ್ನುವುದು ತಮ್ಮಿಂದ ಅದನ್ನು ಮುಂದೆ ಯಾರೂ ಪಡೆಯುವುದಿಲ್ಲ ಎಂಬ ಅಂಜಿಕೆಯಿಂದ. ಸಗಟು ವ್ಯಾಪಾರಿ ಪಡೆಯುವುದಿಲ್ಲ, ಪಿಗ್ಮಿ ಕಟ್ಟಿಸಿಕೊಳ್ಳುವವರು ಮುಖ ಸಿಂಡರಿಸುತ್ತಾರೆ, ಕೊನೆಗೆ ಶಾಖೆಗೆ ಒಯ್ದರೆ ಎಣಿಸುವವರಿಲ್ಲ, ನಾಳೆ ಬನ್ನಿ ಎಂಬ ಉತ್ತರ. ಹೀಗೆ ಎರಡು ಸಲ ಬರಿಗೈಯಲ್ಲಿ ಮರಳಿದವರಿಗೆ ಪ್ರಕಟಣೆಗಿಂತ ತಮ್ಮ ಅನುಭವವೇ ದೊಡ್ಡದು. ಪ್ರತಿ ಶಾಖೆಯೂ ಹತ್ತರ ನಾಣ್ಯವನ್ನು ತಕರಾರಿಲ್ಲದೆ ಎಣಿಸಿಕೊಂಡು ನೋಟು ಕೊಡುತ್ತಿದ್ದರೆ ಆ ಸುದ್ದಿಗೆ ಒಂದು ವಾರವೂ ಆಯಸ್ಸು ಇರುತ್ತಿರಲಿಲ್ಲ.

ಚಿಲ್ಲರೆಯ ಅಭಾವ ಎಂದ ಕೂಡಲೇ ಹೆಚ್ಚು ನಾಣ್ಯ ಟಂಕಿಸಿ ಎಂಬ ಪರಿಹಾರ ಎಲ್ಲರ ಬಾಯಲ್ಲಿ ಬರುತ್ತದೆ. 2018ರ ಜನವರಿಯ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಆ ತಿಂಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೊಯಿಡಾದ ನಾಲ್ಕೂ ಟಂಕಸಾಲೆಗಳಲ್ಲಿ ಚಲಾವಣೆಯ ನಾಣ್ಯಗಳ ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸಲು ಆದೇಶವಾಯಿತು. ಕಾರಣ, ಟಂಕಿಸಿದ ನಾಣ್ಯಗಳನ್ನು ರಿಸರ್ವ್ ಬ್ಯಾಂಕ್ ಎತ್ತಿಕೊಳ್ಳದೆ ಟಂಕಸಾಲೆಗಳ ಭದ್ರಕೋಣೆಗಳು ತುಂಬಿಹೋಗಿದ್ದವು. 2016ರ ನವೆಂಬರಿನ ನೋಟು ರದ್ದತಿಯ ನಂತರ ನಾಣ್ಯಗಳನ್ನು ಭಾರಿ ಪ್ರಮಾಣದಲ್ಲಿ ಹೊರಬಿಡಲಾಗಿತ್ತು. ಅವು ಅಂಗಡಿಗಳಲ್ಲಿ, ಹಾಲಿನ ಬೂತುಗಳಲ್ಲಿ, ದೇವಸ್ಥಾನಗಳ ಹುಂಡಿಗಳಲ್ಲಿ ರಾಶಿಬಿದ್ದವು, ಮರಳಿ ಬ್ಯಾಂಕಿಗೆ ತಂದಾಗ ಜಾಗವಿಲ್ಲ ಎಂಬ ಮಾತು ಕೇಳಿಬಂತು. ಒಂದು ಕಡೆ ಉಗ್ರಾಣದಲ್ಲಿ ಇಡಲು ಸ್ಥಳವಿಲ್ಲದಷ್ಟು ನಾಣ್ಯ, ಇನ್ನೊಂದು ಕಡೆ ಬಸ್ಸಿನಲ್ಲಿ ನಾಲ್ಕು ರೂಪಾಯಿಗೆ ಜಗಳ. ಇವೆರಡೂ ಒಂದೇ ದೇಶದಲ್ಲಿ ನಡೆಯಬಹುದು ಎಂದಾದರೆ ತೊಂದರೆ ಇರುವುದು ನಾಣ್ಯದ ಎಣಿಕೆಯಲ್ಲಿ ಅಲ್ಲ, ಅದರ ಓಡಾಟದಲ್ಲಿ. ಕೆರೆಯಲ್ಲಿ ನೀರಿದ್ದೂ ತೂಬು ಕಟ್ಟಿಕೊಂಡರೆ ಗದ್ದೆ ಒಣಗುತ್ತದೆ. ತೂಬನ್ನು ಬಿಟ್ಟು ಇನ್ನೊಂದು ಕೆರೆ ತೋಡಿಸಿದರೆ ಪ್ರಯೋಜನವಿಲ್ಲ.

ನೋಟಿನ ಓಡಾಟಕ್ಕೂ ನಾಣ್ಯದ ಓಡಾಟಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ನೋಟು ಕೈಯಿಂದ ಕೈಗೆ ಹೋಗಿ ಒಂದಲ್ಲ ಒಂದು ದಿನ ಬ್ಯಾಂಕಿಗೆ ಮರಳುತ್ತದೆ, ಯಂತ್ರ ಅದನ್ನು ಎಣಿಸುತ್ತದೆ, ಎಟಿಎಂ ಮತ್ತೆ ಹೊರಗೆ ಕೊಡುತ್ತದೆ. ನಾಣ್ಯಕ್ಕೆ ಹೋಗುವ ದಾರಿ ಇದೆ, ಬರುವ ದಾರಿ ಇಲ್ಲ. ಜೇಬಿನಲ್ಲಿ ಭಾರ ಎಂದು ಮನೆಗೆ ತಂದ ಒಂದು ಎರಡರ ನಾಣ್ಯಗಳನ್ನು ಜನ ಡಬ್ಬಿಗೆ, ಮಕ್ಕಳ ಹುಂಡಿಗೆ, ದೇವರ ಮುಂದಿನ ಬಟ್ಟಲಿಗೆ ಹಾಕುತ್ತಾರೆ. ಹಾಗಾದರೆ ತಪ್ಪು ಜನರದ್ದೇ ಅಲ್ಲವೇ, ಕೂಡಿಟ್ಟುಕೊಂಡವರು ಅವರೇ ಎಂಬ ಆಕ್ಷೇಪ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವೂ ಇದನ್ನೇ ಹೇಳಿ, ಅಗತ್ಯಕ್ಕಿಂತ ಹೆಚ್ಚು ರೂಪಾಯಿ ನಾಣ್ಯ ಸಂಗ್ರಹಿಸುವುದನ್ನು 1940ರಲ್ಲಿ ಅಪರಾಧ ಎಂದು ಸಾರಿತು. ಶಿಕ್ಷೆಯ ಬೆದರಿಕೆಯಿಂದ ಚಿಲ್ಲರೆ ಹೊರಬರಲಿಲ್ಲ. ಅದೇ ವರ್ಷ ಒಂದು ರೂಪಾಯಿಯ ನೋಟನ್ನು ಮತ್ತೆ ತರಬೇಕಾಯಿತು, 1943ರಲ್ಲಿ ಲೋಹ ಉಳಿಸಲು ನಡುವೆ ತೂತಿರುವ ಕಾಸು ಬಂತು, ಹಲವು ಸಂಸ್ಥಾನಗಳು ರಟ್ಟಿನ ಚೀಟಿಗಳನ್ನೇ ಚಿಲ್ಲರೆಯಾಗಿ ಹೊರಡಿಸಿದವು. ಸ್ವತಂತ್ರ ಭಾರತವೂ 1971ರಲ್ಲಿ ಸಣ್ಣ ನಾಣ್ಯಗಳನ್ನು ಕರಗಿಸುವುದನ್ನು ಮತ್ತು ಕೂಡಿಡುವುದನ್ನು ತಡೆಯಲು ಪ್ರತ್ಯೇಕ ಕಾಯ್ದೆ ಮಾಡಿತು. ಕರಗಿಸಿ ಲಾಭ ಮಾಡುವವರನ್ನು ಹಿಡಿಯುವುದು ನ್ಯಾಯವೇ. ಆದರೆ ಮನೆಯ ಡಬ್ಬಿಯಲ್ಲಿ ಇನ್ನೂರು ರೂಪಾಯಿ ಬಿಡಿನಾಣ್ಯ ಇಟ್ಟವರು ಲೋಭದಿಂದ ಇಟ್ಟವರಲ್ಲ. ಅದನ್ನು ಒಯ್ದು ಕೊಟ್ಟರೆ ಎರಡು ನೂರರ ನೋಟು ಸಲೀಸಾಗಿ ಸಿಗುವ ಒಂದು ಕಿಟಕಿ ಇದ್ದರೆ ಅವರು ಒಯ್ಯುತ್ತಾರೆ. ಇಲ್ಲದಿದ್ದಾಗ ಅದು ಡಬ್ಬಿಯಲ್ಲೇ ಉಳಿಯುತ್ತದೆ. ನೋಟಿಗೆ ಚಿಲ್ಲರೆ ಕೊಡುವುದೂ ಚಿಲ್ಲರೆಗೆ ನೋಟು ಕೊಡುವುದೂ ಒಂದೇ ಕೆಲಸದ ಎರಡು ಮುಖ ಎಂದು 1934ರ ಕಾಯ್ದೆ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿರುವುದಕ್ಕೆ ಅರ್ಥವಿದೆ.

ಬ್ಯಾಂಕ್ ನೌಕರರ ಕಷ್ಟವನ್ನು ಇಲ್ಲಿ ಅಲಕ್ಷಿಸಿದರೆ ವಾದ ಅನ್ಯಾಯದ್ದಾಗುತ್ತದೆ. ಒಬ್ಬರೋ ಇಬ್ಬರೋ ಕ್ಯಾಷಿಯರ್ ಇರುವ ಶಾಖೆಯಲ್ಲಿ ಸಾವಿರ ನಾಣ್ಯದ ಚೀಲವೊಂದು ಬಂದರೆ ಸಾಲು ನಿಂತುಹೋಗುತ್ತದೆ, ಸಂಜೆ ಲೆಕ್ಕ ಹೊಂದದಿದ್ದರೆ ಕೈಯಿಂದ ಭರ್ತಿ ಮಾಡಬೇಕಾದವರು ಅವರೇ. ಒಂದು ಮತ್ತು ಎರಡರ ನಾಣ್ಯಗಳನ್ನು ತೂಗಿ ಪಡೆಯಿರಿ, ಅಥವಾ ನೂರು ನೂರರ ಪೊಟ್ಟಣ ಮಾಡಿಸಿ ಪಡೆಯಿರಿ ಎಂದು ರಿಸರ್ವ್ ಬ್ಯಾಂಕ್ ಸಲಹೆ ಕೊಟ್ಟಿದೆ. ತೂಕದ ಸಲಹೆ ಕೇಳಲು ಸರಳ, ಆದರೆ ನಮ್ಮ ನಾಣ್ಯಗಳ ವಿನ್ಯಾಸವೇ ಅದಕ್ಕೆ ಅಡ್ಡ ಬಂದಿದೆ. 1992ರಿಂದ ಹಲವು ವರ್ಷ ಬಂದ ಸ್ಟೀಲಿನ ಒಂದು ರೂಪಾಯಿ ನಾಣ್ಯ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. 2011ರಲ್ಲಿ ರೂಪಾಯಿ ಚಿಹ್ನೆಯೊಂದಿಗೆ ಬಂದ ಎರಡು ರೂಪಾಯಿ ನಾಣ್ಯವೂ ಅದೇ ಅಗಲ, ಅದೇ ತೂಕ. ತಕ್ಕಡಿಗೆ ಅವೆರಡೂ ಒಂದೇ. 2011ರ ಒಂದು ರೂಪಾಯಿಯ ತೂಕ ಬೇರೆ, 2019ರ ಸರಣಿಯ ಒಂದು ರೂಪಾಯಿಯದು ಮತ್ತೂ ಬೇರೆ. ದೃಷ್ಟಿದೋಷ ಉಳ್ಳವರು ಸ್ಪರ್ಶದಿಂದಲೇ ಗುರುತಿಸಲಿ ಎಂಬ ಒಳ್ಳೆಯ ಉದ್ದೇಶದಿಂದ 2019ರ ಸರಣಿ ಬಂದದ್ದು. ಹಳೆಯವು ಹಾಗೆಯೇ ಚಲಾವಣೆಯಲ್ಲಿ ಉಳಿದ ಕಾರಣ ಗೊಂದಲ ಇಮ್ಮಡಿಯಾಯಿತು. ಬೆರಳಿಗೂ ಯಂತ್ರಕ್ಕೂ ಒಂದೇ ತೊಡಕು. ಇದಕ್ಕೆ ಕ್ಯಾಷಿಯರನ್ನು ದೂರುವುದು ತಪ್ಪು. ವಿನ್ಯಾಸ ಮಾಡಿದವರು ಉಂಟುಮಾಡಿದ ಕೆಲಸವನ್ನು ಅವರು ಕೈಯಾರೆ ಮಾಡುತ್ತಿದ್ದಾರೆ.

ಆದರೆ ಕಷ್ಟ ಇದೆ ಎಂಬುದು ಕೆಲಸ ಬಿಡಲು ಕಾರಣ ಆಗುವುದಿಲ್ಲ, ಅದಕ್ಕೆ ತಕ್ಕ ಆಳು ಮತ್ತು ಹಣ ಕೊಡಲು ಕಾರಣ ಆಗುತ್ತದೆ. ಇದನ್ನು ರಿಸರ್ವ್ ಬ್ಯಾಂಕ್ ತಾತ್ವಿಕವಾಗಿ ಒಪ್ಪಿಯೂ ಇದೆ. ಕೌಂಟರಿನಲ್ಲಿ ನಾಣ್ಯ ವಿತರಿಸುವ ಬ್ಯಾಂಕಿಗೆ ಚೀಲವೊಂದಕ್ಕೆ 25 ರೂಪಾಯಿ ಇದ್ದ ಪ್ರೋತ್ಸಾಹಧನವನ್ನು 2021ರ ಸೆಪ್ಟೆಂಬರ್ 1ರಿಂದ 65ಕ್ಕೆ ಏರಿಸಿತು, ಗ್ರಾಮೀಣ ಮತ್ತು ಅರೆಪಟ್ಟಣ ಪ್ರದೇಶಗಳಲ್ಲಿ ವಿತರಿಸಿದರೆ ಇನ್ನೂ 10 ರೂಪಾಯಿ. ಒಂದು ಚೀಲಕ್ಕಿಂತ ಹೆಚ್ಚು ಬೇಕಾಗುವ ವ್ಯಾಪಾರಸ್ಥರಿಗೂ ನಾಣ್ಯ ಒದಗಿಸಬಹುದೆಂದು ಹೇಳಿತು. ಇದು ಸರಿಯಾದ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ಹಣ ಸಿಗುವುದು ಹೊರಗೆ ಕೊಟ್ಟದ್ದಕ್ಕೆ. ಜನರಿಂದ ಬಿಡಿನಾಣ್ಯ ಪಡೆದು, ಬೇರ್ಪಡಿಸಿ, ಪಕ್ಕದ ಮಾರುಕಟ್ಟೆಯ ಅಂಗಡಿಗೆ ತಿರುಗಿಸುವುದೇ ಎಲ್ಲಕ್ಕಿಂತ ಹೆಚ್ಚು ಶ್ರಮದ ಮತ್ತು ಹೆಚ್ಚು ಬೇಕಾದ ಕೆಲಸ. ಪ್ರೋತ್ಸಾಹಧನದ ಒಂದು ಪಾಲು ಆ ಸ್ವೀಕಾರಕ್ಕೆ ಮೀಸಲಾಗಬೇಕು. ನಾಣ್ಯ ವಿಂಗಡಿಸಿ ಎಣಿಸುವ ಯಂತ್ರ ಪ್ರತಿ ಶಾಖೆಗೆ ಬೇಡ, ತಾಲ್ಲೂಕಿಗೆ ಒಂದಾದರೂ ಇರಲಿ. ಈ ಖರ್ಚನ್ನು ಯಾರು ಹೊರಬೇಕು ಎಂದು ಕೇಳಿದರೆ, ಈಗಲೂ ಯಾರೋ ಹೊರುತ್ತಿದ್ದಾರೆ ಎಂಬುದನ್ನು ಮರೆಯಬಾರದು. ಮಾರುಕಟ್ಟೆಗಳಲ್ಲಿ ನೂರರ ನೋಟು ಪಡೆದು ತೊಂಬತ್ತೋ ತೊಂಬತ್ತೈದೋ ರೂಪಾಯಿ ಚಿಲ್ಲರೆ ಕೊಡುವ ವ್ಯವಹಾರ ಕಂಡವರಿಗೆ ಹೊಸದಲ್ಲ. ಸೊಪ್ಪು ಮಾರುವ ಹೆಂಗಸು ತನ್ನ ದಿನದ ಗಳಿಕೆಯಿಂದ ಆ ಐದು ಹತ್ತು ರೂಪಾಯಿ ತೆರುತ್ತಾಳೆ. ಚಿಲ್ಲರೆ ಇಲ್ಲ ಎಂದು ಕೈಗಿಟ್ಟ ಚಾಕ್ಲೇಟಿನ ಬೆಲೆಯನ್ನು ಗಿರಾಕಿ ತೆರುತ್ತಾರೆ, ಅದೇ ಚಾಕ್ಲೇಟನ್ನು ನಾಳೆ ವಾಪಸು ಕೊಟ್ಟರೆ ಅಂಗಡಿಯವರು ಹಣವೆಂದು ಪಡೆಯುವುದಿಲ್ಲ. ಇಟಲಿಯಲ್ಲಿ 1970ರ ದಶಕದಲ್ಲಿ ಲಿರಾ ನಾಣ್ಯಗಳ ಬರ ಬಂದಾಗ ಮಿಠಾಯಿ, ಅಂಚೆಚೀಟಿ, ದೂರವಾಣಿ ಬಿಲ್ಲೆಗಳು ಚಿಲ್ಲರೆಯಾಗಿ ಓಡಾಡಿದವು, 1975ರ ಕೊನೆಯಿಂದ ಬ್ಯಾಂಕುಗಳೇ ಪುಟ್ಟ ಚೆಕ್ಕುಗಳನ್ನು ಮುದ್ರಿಸಿ ಹಂಚಿದವು. ಸರ್ಕಾರ ಒದಗಿಸದ ಚಿಲ್ಲರೆಯನ್ನು ಸಮಾಜ ಹೇಗೋ ಸೃಷ್ಟಿಸಿಕೊಳ್ಳುತ್ತದೆ, ಅದರ ಬಡ್ಡಿಯನ್ನು ಬಡವರು ಕಟ್ಟುತ್ತಾರೆ.

ಯುಪಿಐ ಬಂದಿರುವಾಗ ಇದೆಲ್ಲ ಯಾಕೆ ಎಂಬುದು ಈ ಕಾಲದ ದೊಡ್ಡ ಆಕ್ಷೇಪ. 2016ರಲ್ಲಿ ಶುರುವಾದ ಯುಪಿಐ ಚಿಲ್ಲರೆಯ ಒತ್ತಡವನ್ನು ಇಳಿಸಿದೆ, ನಾಲ್ಕು ರೂಪಾಯಿಯನ್ನು ಪೈಸೆ ತಪ್ಪದೆ ಮುಟ್ಟಿಸುತ್ತದೆ. ಆದರೆ ಅದೊಂದರ ಮೇಲೆಯೇ ಭಾರ ಹಾಕಿ ಕೂರಬಹುದೇ? 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ಕ್ಯುಆರ್ ಚೀಟಿ ಹೋಗಿ ಕ್ಯಾಶ್ ಮಾತ್ರ ಎಂಬ ಫಲಕ ಬಂತು. ನೋಟಿಸು ಸರಿಯೇ ಎಂಬುದು ಬೇರೆ ವಿಚಾರ. ಒಂದೆರಡು ವಾರದಲ್ಲಿ ಇಡೀ ನಗರದ ಸಣ್ಣ ವ್ಯಾಪಾರ ನಗದಿನ ಕಡೆಗೆ ಹೊರಳಬಲ್ಲದು, ಆಗ ಗಲ್ಲಾಪೆಟ್ಟಿಗೆಯಲ್ಲಿ ಒಂದು ಎರಡರ ನಾಣ್ಯ ಇರಲೇಬೇಕು ಎಂಬುದನ್ನು ಆ ಜುಲೈ ತೋರಿಸಿಕೊಟ್ಟಿತು. ಫೋನಿನ ಬ್ಯಾಟರಿ ಮುಗಿದ ವೃದ್ಧರು, ಸಿಗ್ನಲ್ ಸಿಗದ ಮಲೆನಾಡಿನ ಬಸ್ಸು, ಸ್ವಂತ ಫೋನಿಲ್ಲದ ಕೂಲಿಯವರು, ಐದು ರೂಪಾಯಿ ಕೊಟ್ಟು ಪೆನ್ಸಿಲ್ ತರಲು ಕಳಿಸಿದ ಮಗು, ಇವರೆಲ್ಲ ನಗದಿನ ಲೋಕದವರು. 2023ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ 12 ನಗರಗಳ 19 ಸ್ಥಳಗಳಲ್ಲಿ ಕ್ಯುಆರ್ ಆಧಾರಿತ ನಾಣ್ಯ ವಿತರಣಾ ಯಂತ್ರಗಳನ್ನು ಪ್ರಯೋಗಕ್ಕೆ ಇಡುವುದಾಗಿ ಪ್ರಕಟಿಸಿತು. ಹಳೆಯ ಯಂತ್ರಕ್ಕೆ ನೋಟು ತೂರಿಸಬೇಕಿತ್ತು, ತೂರಿಸಿದ ನೋಟುಗಳಲ್ಲಿ ನಕಲಿ ಬರುತ್ತಿದ್ದವು, ಆದ್ದರಿಂದ ಹಣವನ್ನು ಯುಪಿಐ ಮೂಲಕ ಖಾತೆಯಿಂದ ಕಳೆದು ನಾಣ್ಯ ಕೊಡುವ ಏರ್ಪಾಡು. ವ್ಯಾಪಾರಿಗಳಿಗೆ ಇದು ನಿಜವಾಗಿ ಉಪಯುಕ್ತ. ಅವರ ಖಾತೆಗೆ ಕ್ಯುಆರ್ ಮೂಲಕ ಬಂದ ಹಣ ನಾಣ್ಯವಾಗಿ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಆದರೆ ನೋಟು ಹಿಡಿದು ಬಂದವರು, ಚಿಲ್ಲರೆಯ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವವರು, ಆ ಯಂತ್ರದ ಮುಂದೆ ನಿಂತು ಏನೂ ಮಾಡಲಾರರು. ಯಂತ್ರ ಕೌಂಟರಿಗೆ ಜೊತೆಯಾಗಲಿ, ಕೌಂಟರನ್ನು ಮುಚ್ಚಲು ನೆಪವಾಗದಿರಲಿ.

ಒಂದು ಎರಡರ ನಾಣ್ಯಗಳನ್ನೇ ಬಿಟ್ಟು ಎಲ್ಲ ಬೆಲೆಗಳನ್ನೂ ಐದರ ಗುಣಕಕ್ಕೆ ತಂದರೆ ತೊಂದರೆಯೇ ಇಲ್ಲವಲ್ಲ ಎಂದು ಕೆಲವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳನ್ನು 2011ರ ಜೂನ್ 30ರಂದು ಚಲಾವಣೆಯಿಂದ ತೆಗೆದಾಗ ಆಕಾಶ ಕಳಚಿ ಬೀಳಲಿಲ್ಲ ಎಂದು ಉದಾಹರಿಸುತ್ತಾರೆ. ಆ ನಾಣ್ಯಗಳಿಗೆ ಆಗ ಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಇಂದಿನ ಒಂದು, ಎರಡು ರೂಪಾಯಿಗಳ ಮಾತು ಬೇರೆ. ಚಲಾವಣೆಯಲ್ಲಿರುವ ನಾಣ್ಯಗಳ ಎಣಿಕೆಯಲ್ಲಿ ಒಂದು, ಎರಡು, ಐದರವೇ ನೂರಕ್ಕೆ ಎಂಬತ್ತರ ಆಸುಪಾಸು. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲು ಹೆಚ್ಚಿಸಿ ದರವನ್ನು 2 ರೂಪಾಯಿ ಏರಿಸಲಾಯಿತು. ಐದರ ಗುಣಕವೇ ಕಡ್ಡಾಯ ಆಗಿದ್ದರೆ ಅಂಥ ಎರಡು ರೂಪಾಯಿ ಏರಿಕೆ ಸಾಧ್ಯವೇ ಇರಲಿಲ್ಲ. ಒಂದೋ ಏರಿಕೆ ಇಲ್ಲ, ಇಲ್ಲವೇ ಐದು. ಯಾವುದು ನಡೆಯುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ದಿನಕ್ಕೆರಡು ಪೊಟ್ಟಣ ಕೊಳ್ಳುವ ಮನೆಗೆ ಮೂರು ಮೂರು ರೂಪಾಯಿಯಂತೆ ತಿಂಗಳಿಗೆ 180 ರೂಪಾಯಿ ಹೆಚ್ಚು. ಬಸ್ಸಿನ ಕನಿಷ್ಠ ದರವೂ 6ರಲ್ಲಿ ನಿಲ್ಲದೆ 10ಕ್ಕೆ ಹಾರುತ್ತಿತ್ತು. ಕೆನಡಾ 2013ರಲ್ಲಿ ಒಂದು ಸೆಂಟಿನ ವಿತರಣೆ ನಿಲ್ಲಿಸಿದಾಗ ನಗದು ಬಿಲ್ಲನ್ನು ಹತ್ತಿರದ ಐದಕ್ಕೆ ಮೇಲೆಯೂ ಕೆಳಗೆಯೂ ಹೊಂದಿಸುವ ಪದ್ಧತಿಯನ್ನು ಜೊತೆಗೇ ತಂದಿತು. ನಮ್ಮ ಗೂಡಂಗಡಿಯಲ್ಲಿ, ಬಸ್ಸಿನಲ್ಲಿ ಕೆಳಗೆ ಹೊಂದಿಸುವವರು ಯಾರು? ಸಣ್ಣ ನಾಣ್ಯ ಇರುವುದರಿಂದಲೇ ಬೆಲೆ ಸಣ್ಣ ಹೆಜ್ಜೆ ಇಡುತ್ತದೆ. ಒಂದು ರೂಪಾಯಿ ಟಂಕಿಸಲು ಒಂದು ರೂಪಾಯಿ ಹನ್ನೊಂದು ಪೈಸೆ ಆಗುತ್ತದೆ, ನಷ್ಟವಲ್ಲವೇ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಆ ನಾಣ್ಯ ದಶಕಗಳ ಕಾಲ ಸಾವಿರಾರು ಕೈ ದಾಟುತ್ತದೆ, ಡಬ್ಬಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮಾತ್ರ ಅದು ನಷ್ಟದ ಬಾಬತ್ತು.

ಆಗಬೇಕಾದದ್ದು ಬಹಳ ಇಲ್ಲ. ಪ್ರತಿ ಶಾಖೆಯೂ ತನ್ನಲ್ಲಿ ಇಂದು ಯಾವ ಮುಖಬೆಲೆಯ ನಾಣ್ಯ ಎಷ್ಟಿದೆ ಎಂದು ಬಾಗಿಲಲ್ಲಿ ಬರೆದು ಹಾಕಲಿ. ದಾಸ್ತಾನು ಇದ್ದೂ ಕೊಡದಿದ್ದರೆ ದಂಡ ಎಂಬ ನಿಯಮಕ್ಕೆ ಜೀವ ಬರಬೇಕಾದರೆ ದಾಸ್ತಾನು ಎಷ್ಟಿದೆ ಎಂದು ಗಿರಾಕಿಗೆ ಗೊತ್ತಿರಬೇಕು, ಈಗ ಅದು ಕ್ಯಾಷಿಯರ್ ಬಾಯಿಮಾತು. ಸಂತೆಯ ದಿನ ಬೆಳಿಗ್ಗೆ ಒಂದು ಗಂಟೆ ಚಿಲ್ಲರೆಗೆಂದೇ ಒಂದು ಕಿಟಕಿ ತೆರೆದಿರಲಿ, ನೋಟು ತಂದವರಿಗೆ ನಾಣ್ಯ, ನಾಣ್ಯ ತಂದವರಿಗೆ ನೋಟು. ಬ್ಯಾಂಕುಗಳು ಆಗಾಗ ನಡೆಸುವ ನಾಣ್ಯ ಮೇಳಗಳು ಒಳ್ಳೆಯವೇ, ಆದರೆ ವರ್ಷಕ್ಕೊಮ್ಮೆ ಬರುವ ಮೇಳದಿಂದ ದಿನಾ ಬೇಕಾಗುವ ಚಿಲ್ಲರೆ ತೀರುವುದಿಲ್ಲ. ಹುಂಡಿ ಎಣಿಸುವ ದಿನ ಶಾಖೆಗೆ ಬರುವ ನಾಣ್ಯ ಅಲ್ಲೇ ಕೊಳೆಯದೆ ಅದೇ ವಾರ ಬಸ್ ಡಿಪೋಗೆ, ಹಾಲಿನ ಬೂತಿಗೆ ಹೋಗುವಂತೆ ಒಡಂಬಡಿಕೆ ಇರಲಿ. ಕರ್ನಾಟಕಕ್ಕೆ ಇದು ಇನ್ನೂ ಮುಖ್ಯ. ನೋಟು ನಮ್ಮ ಮೈಸೂರಿನಲ್ಲೇ ಅಚ್ಚಾಗುತ್ತದೆ, ನಾಣ್ಯ ಪೂರ್ತಿ ಹೊರಗಿನ ಟಂಕಸಾಲೆಗಳಿಂದ ಬರಬೇಕು, ಬಂದದ್ದನ್ನು ತಿರುಗಿಸಿ ಬಳಸುವ ಜಾಣತನ ನಮ್ಮದಾಗಬೇಕು. ಇನ್ನು ಮುಂದೆ ಬಸ್ಸಿನ ದರವನ್ನೋ ಹಾಲಿನ ದರವನ್ನೋ ಬದಲಿಸುವವರು ಹೊಸ ದರ ಜಾರಿಗೆ ಬರುವ ಒಂದು ತಿಂಗಳು ಮೊದಲು ನಾಣ್ಯ ದಾಸ್ತಾನು ಇರುವ ಕರೆನ್ಸಿ ಚೆಸ್ಟ್ ಬ್ಯಾಂಕುಗಳೊಡನೆ ಕೂತು, ಪ್ರತಿ ಡಿಪೋಗೆ ಒಂದರವು ಎಷ್ಟು, ಎರಡರವು ಎಷ್ಟು, ಐದರವು ಎಷ್ಟು ಬೇಕಾಗುತ್ತವೆ ಎಂದು ಲೆಕ್ಕ ಹಾಕಲಿ. ಯಾವ ಮಾರ್ಗದಲ್ಲಿ ಎಷ್ಟು ದರದ ಟಿಕೆಟ್ ದಿನಕ್ಕೆ ಎಷ್ಟು ಹರಿಯುತ್ತದೆ ಎಂಬ ಅಂಕಿ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲೇ ಇದೆ.